ಕ್ಲಿಪ್ ಬಿಚ್ಚಿದ ಮೇಲೆ ಹಲ್ಲು ಕಾಯುವುದು ಹೇಗೆ?

ಹೈಸ್ಕೂಲಿನಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡು, ಎರಡು ವರ್ಷ ತಿಂಗಳು ತಿಂಗಳೂ ಕ್ಲಿನಿಕ್ಕಿಗೆ ಅಲೆದು, ನೋವು ಸಹಿಸಿ, ಇಷ್ಟದ ತಿಂಡಿಗಳನ್ನು ದೂರವಿಟ್ಟು ಹಲ್ಲು ನೇರ ಮಾಡಿಸಿಕೊಂಡವರು ನಮ್ಮ ನಡುವೆ ಬೇಕಾದಷ್ಟು ಜನರಿದ್ದಾರೆ. ಅವರಲ್ಲಿ ಅನೇಕರು ಡಿಗ್ರಿ ಮುಗಿಸುವ ಹೊತ್ತಿಗೆ ಕೆಳಸಾಲಿನ ಮುಂದಿನ ಹಲ್ಲುಗಳು ಮತ್ತೆ ಒಂದನ್ನೊಂದು ಒತ್ತಿಕೊಂಡು ನಿಂತದ್ದನ್ನು ಕನ್ನಡಿಯಲ್ಲಿ ಕಾಣುತ್ತಾರೆ. ಮೇಲಿನ ಎರಡು ಹಲ್ಲುಗಳ ನಡುವೆ ಮುಚ್ಚಿಹೋಗಿದ್ದ ಸಂದು ಇನ್ನು ಕೆಲವರಿಗೆ ಮತ್ತೆ ತೆರೆದುಕೊಂಡಿರುತ್ತದೆ. ಚಿಕಿತ್ಸೆಯೇ ಸರಿಯಾಗಲಿಲ್ಲವೇನೋ ಎಂಬ ಅನುಮಾನ ಹುಟ್ಟುತ್ತದೆ. ಹೆಚ್ಚಿನ ಸಲ ಚಿಕಿತ್ಸೆ ಸರಿಯಾಗಿಯೇ ಆಗಿರುತ್ತದೆ. ಆಮೇಲೆ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡಲು ಹಾಕಿಕೊಳ್ಳಬೇಕಿದ್ದ ರಿಟೇನರ್ ಮಾತ್ರ ಡಬ್ಬಿಯಲ್ಲೇ ಉಳಿದಿರುತ್ತದೆ.

ಕ್ಲಿಪ್ ಇರುವಷ್ಟು ದಿನ ಹಲ್ಲಿನ ಹೊಣೆ ವೈದ್ಯರದು. ತಂತಿ ಹಲ್ಲಿಗೆ ಅಂಟಿಕೊಂಡಿರುತ್ತದೆ, ನೀವು ಮರೆತರೂ ಅದು ತನ್ನ ಕೆಲಸ ಮಾಡುತ್ತಿರುತ್ತದೆ. ಕ್ಲಿಪ್ ಬಿಚ್ಚಿದ ದಿನ ಆ ಹೊಣೆ ನಿಮ್ಮ ಕೈಗೆ ಬರುತ್ತದೆ. ಇದನ್ನು ಮೊದಲೇ ಅರಿತವರ ಹಲ್ಲು ನೇರವಾಗಿ ಉಳಿಯುತ್ತದೆ. ಆ ಹೊಣೆ ಹೊರುವುದು ಹೇಗೆಂದು ತಿಳಿಸುವುದೇ ಈ ಲೇಖನದ ಉದ್ದೇಶ.

ಹಲ್ಲು ಹಳೆಯ ಜಾಗಕ್ಕೆ ಏಕೆ ಮರಳುತ್ತದೆ?

ಹಲ್ಲಿನ ಬೇರು ದವಡೆಯ ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ಎರಡರ ನಡುವೆ ಬಹಳ ತೆಳುವಾದ, ನಾರುಗಳಿಂದಾದ ಒಂದು ಪದರವಿದೆ. ಕ್ಲಿಪ್ ಹಲ್ಲನ್ನು ಹಗುರವಾಗಿ ಒತ್ತುತ್ತಾ ಹೋದಂತೆ ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಹಿಂದುಗಡೆ ಹೊಸ ಮೂಳೆ ಬೆಳೆಯುತ್ತದೆ. ಹಲ್ಲು ಸರಿಯುವುದು ಹೀಗೆ. ಕ್ಲಿಪ್ ತೆಗೆದ ದಿನ ಆ ಹೊಸ ಮೂಳೆ ಇನ್ನೂ ಎಳೆಯದು, ನಾರುಗಳು ಸಡಿಲ. ನಾಲಗೆಯಿಂದ ಒತ್ತಿದರೆ ಹಲ್ಲು ಕೊಂಚ ಅಲ್ಲಾಡಿದಂತೆ ಅನಿಸುವುದು ಇದರಿಂದಲೇ.

ಎಲ್ಲ ನಾರುಗಳೂ ಹೊಸ ಜಾಗಕ್ಕೆ ಒಂದೇ ಕಾಲದಲ್ಲಿ ಹೊಂದಿಕೊಳ್ಳುವುದಿಲ್ಲ. ಬೇರಿನ ಸುತ್ತಲ ನಾರುಗಳಿಗೆ 3ರಿಂದ 4 ತಿಂಗಳು ಬೇಕು. ವಸಡಿನ ನಾರುಗಳಿಗೆ 4ರಿಂದ 6 ತಿಂಗಳು. ವಸಡಿನೊಳಗೆ ರಬ್ಬರಿನಂತೆ ಎಳೆದುಕೊಳ್ಳುವ ಗುಣದ ನಾರುಗಳೂ ಇವೆ. ಅವು ಪೂರ್ತಿ ಹೊಂದಿಕೊಳ್ಳಲು ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಅಲ್ಲಿಯವರೆಗೂ ಅವು ಹಲ್ಲನ್ನು ಹಳೆಯ ಜಾಗದ ಕಡೆಗೇ ಸೆಳೆಯುತ್ತಿರುತ್ತವೆ. ತಿರುಚಿಕೊಂಡಿದ್ದ ಹಲ್ಲನ್ನು ನೇರ ಮಾಡಿಸಿದ್ದರೆ ಈ ಸೆಳೆತ ಇನ್ನೂ ಜೋರು. ಮನೆಗೆ ಆರ್‌ಸಿಸಿ ಛಾವಣಿ ಹಾಕಿದ ಮಾರನೇ ದಿನವೇ ಯಾರೂ ಸೆಂಟ್ರಿಂಗ್ ಬಿಚ್ಚುವುದಿಲ್ಲ. ಮೊದಲ ವರ್ಷದ ರಿಟೇನರ್ ಆ ಸೆಂಟ್ರಿಂಗ್‌ನ ಕೆಲಸ ಮಾಡುತ್ತದೆ.

ಒಂದು ವರ್ಷ ಕಳೆದರೆ ಮುಗಿಯಿತೇ? ಇಲ್ಲ, ಅದಕ್ಕೆ ಕಾರಣ ಬೇರೆ. ವಯಸ್ಸಾದಂತೆ ದವಡೆ ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ. ತುಟಿ, ಕೆನ್ನೆ, ನಾಲಗೆಗಳ ಒತ್ತಡ ಹಲ್ಲಿನ ಮೇಲೆ ಬೀಳುತ್ತಲೇ ಇರುತ್ತದೆ. ಕ್ಲಿಪ್ಪನ್ನೇ ಕಾಣದವರಿಗೂ ಮೂವತ್ತು ನಲವತ್ತರ ವಯಸ್ಸಿನಲ್ಲಿ ಕೆಳಸಾಲಿನ ಮುಂದಿನ ಹಲ್ಲುಗಳು ಒತ್ತೊತ್ತಾಗುವುದುಂಟು. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಲಿಟಲ್ ಮತ್ತು ಸಂಗಡಿಗರು, ಹಲ್ಲು ಕೀಳಿಸಿ ಕ್ಲಿಪ್ ಹಾಕಿಸಿಕೊಂಡಿದ್ದವರನ್ನು ರಿಟೇನರ್ ನಿಲ್ಲಿಸಿ ಹತ್ತು ವರ್ಷ ಕಳೆದ ಮೇಲೆ ಪರೀಕ್ಷಿಸಿದರು. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರ ಕೆಳಗಿನ ಮುಂಭಾಗದ ಹಲ್ಲುಗಳು ತೃಪ್ತಿಕರವಾಗಿ ಉಳಿದಿರಲಿಲ್ಲ. 1981ರಲ್ಲಿ ಪ್ರಕಟವಾದ ಈ ಅಧ್ಯಯನದ ನಂತರ, ಹಲ್ಲು ನೇರವಾಗಿರಬೇಕು ಎನ್ನುವಷ್ಟು ಕಾಲ ರಿಟೇನರ್ ಇರಬೇಕು ಎಂಬ ಮಾತಿಗೆ ಬಲ ಬಂತು.

ನಿಮ್ಮ ಕೈಲಿರುವ ರಿಟೇನರ್ ಯಾವುದು?

ಆರೈಕೆಯ ರೀತಿ ಬೇರೆ ಬೇರೆಯಾದ್ದರಿಂದ ಮೊದಲು ಇದನ್ನು ತಿಳಿದುಕೊಳ್ಳಿ.

1. ತಂತಿ ಮತ್ತು ಅಂಗುಳದ ಪ್ಲೇಟ್ ಇರುವುದು: ಗುಲಾಬಿ ಅಥವಾ ಬೇರೆ ಬಣ್ಣದ ಅಕ್ರಿಲಿಕ್ ಪ್ಲೇಟ್ ಅಂಗುಳಕ್ಕೆ ಒತ್ತಿ ಕೂರುತ್ತದೆ, ಸ್ಟೀಲ್ ತಂತಿ ಮುಂದಿನ ಹಲ್ಲುಗಳನ್ನು ಹಿಡಿದಿರುತ್ತದೆ. ಅಮೆರಿಕದ ಚಾರ್ಲ್ಸ್ ಹಾಲಿ 1919ರಲ್ಲಿ ವಿವರಿಸಿದ ವಿನ್ಯಾಸ ಇದು; ಇಂದಿಗೂ ಹಾಲಿ ರಿಟೇನರ್ ಎಂದೇ ಹೆಸರು. ತಂತಿ ಹಿಂದಿನ ದವಡೆಹಲ್ಲಿನವರೆಗೂ ಸುತ್ತಿ ಬಂದರೆ ಅದು ಬೆಗ್ ರಿಟೇನರ್. ಇವು ಗಟ್ಟಿಮುಟ್ಟು, ಸಡಿಲವಾದರೆ ವೈದ್ಯರು ಬಿಗಿ ಮಾಡಿಕೊಡಬಹುದು. ತಂತಿ ಹೊರಗೆ ಕಾಣುವುದು, ಮೊದಮೊದಲು ಮಾತು ತೊದಲುವುದು ಇವುಗಳ ಕೊರತೆ.

2. ಪಾರದರ್ಶಕ ರಿಟೇನರ್: ಹಲ್ಲಿನ ಅಚ್ಚಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ ಎಳೆದು ತಯಾರಿಸುತ್ತಾರೆ. ಹಾಕಿಕೊಂಡರೆ ಹೊರಗೆ ಕಾಣುವುದೇ ಇಲ್ಲ. ಆದರೆ ಬಿಸಿ ತಾಗಿದರೆ ಆಕಾರ ಕೆಡುತ್ತದೆ, ಸವೆಯುತ್ತದೆ, ಬಿರುಕು ಬಿಡುತ್ತದೆ. ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿದ್ದವರಿಗೆ ಬೇಗ ತೂತು ಬೀಳುತ್ತದೆ. ಕೆಲವು ವರ್ಷಗಳಿಗೊಮ್ಮೆ ಹೊಸದು ಮಾಡಿಸಬೇಕಾಗುತ್ತದೆ.

3. ಅಂಟಿಸಿದ ತಂತಿ: ಮುಂದಿನ ಹಲ್ಲುಗಳ ಹಿಂಬದಿಗೆ, ಸಾಮಾನ್ಯವಾಗಿ ಒಂದು ಕೋರೆಹಲ್ಲಿನಿಂದ ಇನ್ನೊಂದು ಕೋರೆಹಲ್ಲಿನವರೆಗೆ, ಸಣ್ಣ ತಂತಿಯನ್ನು ಅಂಟಿಸಿರುತ್ತಾರೆ. ಹಾಕುವ, ತೆಗೆಯುವ ಗೊಡವೆಯಿಲ್ಲ. ಮುಂದಿನ ಹಲ್ಲುಗಳ ನಡುವೆ ದೊಡ್ಡ ಸಂದು ಇದ್ದವರಿಗೆ, ಹಲ್ಲು ತುಂಬಾ ತಿರುಚಿಕೊಂಡಿದ್ದವರಿಗೆ ವೈದ್ಯರು ಹೆಚ್ಚಾಗಿ ಇದನ್ನೇ ಹಾಕುತ್ತಾರೆ. ಇದಕ್ಕೆ ಬೇಕಾದದ್ದು ಹೆಚ್ಚಿನ ಶುಚಿ ಮತ್ತು ಹೆಚ್ಚಿನ ನಿಗಾ.

ಕೆಳಗೆ ಅಂಟಿಸಿದ ತಂತಿ, ಮೇಲೆ ತೆಗೆದು ಹಾಕುವ ರಿಟೇನರ್, ಹೀಗೆ ಎರಡನ್ನೂ ಕೊಡುವುದು ಸಾಮಾನ್ಯ. ಅಂಥವರು ಎರಡರ ಆರೈಕೆಯನ್ನೂ ಕಲಿಯಬೇಕು.

ಎಷ್ಟು ಹೊತ್ತು, ಎಷ್ಟು ಕಾಲ?

ಸಾಮಾನ್ಯ ಕ್ರಮ ಹೀಗಿದೆ. ಮೊದಲ 3ರಿಂದ 6 ತಿಂಗಳು ಊಟ ಮತ್ತು ಹಲ್ಲುಜ್ಜುವ ಹೊತ್ತು ಬಿಟ್ಟು ದಿನವಿಡೀ. ಆಮೇಲೆ ಪ್ರತಿ ರಾತ್ರಿ ಮಲಗುವಾಗ. ಕೆಲವು ವೈದ್ಯರು ಮೊದಲಿನಿಂದಲೇ ರಾತ್ರಿ ಮಾತ್ರ ಸಾಕು ಎನ್ನಬಹುದು, ಇನ್ನು ಕೆಲವರು ಪೂರ್ತಿ ಒಂದು ವರ್ಷ ಹಗಲೂ ಹಾಕಿಕೊಳ್ಳಿ ಎನ್ನಬಹುದು. ನಿಮ್ಮ ಹಲ್ಲು ಮೊದಲು ಹೇಗಿತ್ತು, ಎಷ್ಟು ದೂರ ಸರಿದಿದೆ ಎಂಬುದರ ಮೇಲೆ ಈ ಲೆಕ್ಕ ನಿಂತಿದೆ. ಹಾಗಾಗಿ ಗೆಳೆಯರ ವೇಳಾಪಟ್ಟಿ ನಿಮಗೆ ಹೊಂದುವುದಿಲ್ಲ. ನಿಮ್ಮ ವೈದ್ಯರು ಹೇಳಿದ್ದೇ ನಿಮ್ಮ ಲೆಕ್ಕ.

ಹಗಲಿನ ಬಳಕೆ ನಿಂತ ಮೇಲೂ ರಾತ್ರಿಯ ಬಳಕೆ ಮುಂದುವರಿಯಲಿ. ಹಲ್ಲುಜ್ಜುವುದಕ್ಕೆ ಕೊನೆಯ ದಿನವೆಂದು ಯಾರೂ ಗೊತ್ತು ಮಾಡುವುದಿಲ್ಲ. ರಾತ್ರಿಯ ರಿಟೇನರ್‌ಗೂ ಕೊನೆಯ ದಿನ ಗೊತ್ತು ಮಾಡಬೇಡಿ.

ಒಂದು ಸುಲಭ ಪರೀಕ್ಷೆ ಇದೆ. ರಾತ್ರಿ ಹಾಕಿಕೊಂಡಾಗ ಬಿಗಿ ಎನಿಸುತ್ತಿದೆಯೆ? ಹಾಗಿದ್ದರೆ ಹಗಲಿನಲ್ಲಿ ಹಲ್ಲು ಸರಿಯುತ್ತಿದೆ, ಬಳಕೆಯ ಹೊತ್ತನ್ನು ಹೆಚ್ಚಿಸಿ. ಬಿಗಿಯಿಲ್ಲದೆ ಸಲೀಸಾಗಿ ಕೂರುತ್ತಿದ್ದರೆ ನಿಮ್ಮ ಕ್ರಮ ಸರಿಯಾಗಿದೆ.

ಮೊದಲ ವಾರದ ತೊಡಕುಗಳು

ಹೊಸದರಲ್ಲಿ ಬಾಯಲ್ಲಿ ಜೊಲ್ಲು ಹೆಚ್ಚುತ್ತದೆ. ಸ, ಶ, ಚ, ಜ ಅಕ್ಷರಗಳು ತೊದಲುತ್ತವೆ. ನಾಲಗೆ ಹೊಸ ವಸ್ತುವಿಗೆ ಒಗ್ಗಿಕೊಳ್ಳಲು ಕೆಲವು ದಿನ ಬೇಕು. ದಿನಕ್ಕೆ ಹತ್ತು ನಿಮಿಷ ಪತ್ರಿಕೆಯನ್ನೋ ಪಾಠವನ್ನೋ ಗಟ್ಟಿಯಾಗಿ ಓದಿದರೆ ಮಾತು ಬೇಗ ಸರಿಹೋಗುತ್ತದೆ. ಮಾತಿಗೆ ಅಂಜಿ ಶಾಲೆಯಲ್ಲಿ ರಿಟೇನರ್ ತೆಗೆದಿಡುವ ಮಕ್ಕಳಿಗೆ ತಂದೆತಾಯಿ ಈ ಮಾತನ್ನು ತಿಳಿಹೇಳಬೇಕು. ತಂತಿ ಎಲ್ಲಾದರೂ ಚುಚ್ಚಿ ಹುಣ್ಣಾದರೆ ಸಹಿಸಿಕೊಂಡು ಕೂರಬೇಡಿ, ವೈದ್ಯರು ಕೆಲವೇ ನಿಮಿಷಗಳಲ್ಲಿ ಸರಿ ಮಾಡುತ್ತಾರೆ.

ತೆಗೆದು ಹಾಕುವ ರಿಟೇನರ್: ದಿನದ ಕ್ರಮ

1. ಕೈ ತೊಳೆದುಕೊಂಡು ತೆಗೆಯಿರಿ. ಎರಡೂ ಬದಿಯ ಹಿಂದಿನ ಹಲ್ಲುಗಳಿಂದ ಬಿಡಿಸಿ. ಮುಂದಿನ ತಂತಿಗೆ ಬೆರಳು ಹಾಕಿ ಎಳೆಯಬೇಡಿ, ತಂತಿ ಬಾಗುತ್ತದೆ. ಪಾರದರ್ಶಕ ರಿಟೇನರ್ ಅನ್ನು ಒಂದೇ ಬದಿಯಿಂದ ಕಿತ್ತರೆ ಬಿರುಕು ಬಿಡುತ್ತದೆ.

2. ತೆಗೆದ ಕೂಡಲೇ ತಣ್ಣೀರಿನಲ್ಲಿ ತೊಳೆಯಿರಿ. ಎಂಜಲು ಒಣಗಿದರೆ ಬಿಳಿ ಪದರವಾಗಿ ಗಟ್ಟಿಯಾಗುತ್ತದೆ.

3. ಮೃದು ಬ್ರಷ್ ಮತ್ತು ಒಂದು ಹನಿ ಸೌಮ್ಯ ದ್ರವ ಸೋಪಿನಿಂದ ಒಳಗೂ ಹೊರಗೂ ಹಗುರವಾಗಿ ಉಜ್ಜಿ. ಇದಕ್ಕೆಂದೇ ಒಂದು ಬ್ರಷ್ ಬೇರೆ ಇಡಿ. ಟೂತ್‌ಪೇಸ್ಟ್ ಬೇಡ, ಅದರಲ್ಲಿರುವ ಉಜ್ಜುವ ಕಣಗಳು ಪ್ಲಾಸ್ಟಿಕ್ಕಿನ ಮೇಲೆ ಗೀರು ಎಳೆಯುತ್ತವೆ, ಆ ಗೀರಿನಲ್ಲಿ ಕೊಳೆ ಕೂರುತ್ತದೆ, ವಾಸನೆ ಹುಟ್ಟುತ್ತದೆ.

4. ಹಲ್ಲುಜ್ಜಿದ ಮೇಲೆಯೇ ಮತ್ತೆ ಹಾಕಿಕೊಳ್ಳಿ. ಹೊರಗಡೆ ಊಟ ಮಾಡಿದಾಗ ಬ್ರಷ್ ಇಲ್ಲದಿದ್ದರೆ ಚೆನ್ನಾಗಿ ಬಾಯಿ ಮುಕ್ಕಳಿಸಿಯಾದರೂ ಹಾಕಿಕೊಳ್ಳಿ.

5. ಬೆರಳಿನಿಂದ ಒತ್ತಿ ಕೂರಿಸಿ. ಬಾಯಲ್ಲಿಟ್ಟು ಹಲ್ಲಿನಿಂದ ಕಚ್ಚಿ ಕೂರಿಸುವ ಅಭ್ಯಾಸ ರಿಟೇನರ್ ಮುರಿಯುವ ದೊಡ್ಡ ಕಾರಣಗಳಲ್ಲೊಂದು.

6. ವಾರಕ್ಕೊಮ್ಮೆ ಹಲ್ಲುಸೆಟ್ ಶುಚಿ ಮಾಡುವ ಮಾತ್ರೆ ಕರಗಿಸಿದ ನೀರಿನಲ್ಲಿ, ಪ್ಯಾಕೆಟ್ಟಿನ ಮೇಲೆ ಬರೆದಷ್ಟು ಹೊತ್ತು ನೆನೆಸಿ, ತೊಳೆದು ಹಾಕಿಕೊಳ್ಳಿ. ಬೋರ್‌ವೆಲ್ ನೀರಿನ ಊರುಗಳಲ್ಲಿ ರಿಟೇನರ್ ಮೇಲೆ ಸುಣ್ಣದಂಥ ಬಿಳಿ ಪದರ ಬೇಗ ಕಟ್ಟುತ್ತದೆ. ಬಿಳಿ ವಿನೆಗರ್ ಮತ್ತು ತಣ್ಣೀರನ್ನು ಸಮಪಾಲು ಬೆರೆಸಿ ಕಾಲು ಗಂಟೆ ನೆನೆಸಿ ಉಜ್ಜಿದರೆ ಅದು ಬಿಡುತ್ತದೆ.

7. ಬಾಯಲ್ಲಿಲ್ಲದಾಗ ಡಬ್ಬಿಯಲ್ಲಿರಲಿ. ಗಾಳಿಗೆ ತೂತುಗಳಿರುವ ಡಬ್ಬಿಯೇ ಒಳ್ಳೆಯದು. ಡಬ್ಬಿಯನ್ನೂ ವಾರಕ್ಕೊಮ್ಮೆ ಸೋಪಿನಿಂದ ತೊಳೆದು ಒಣಗಿಸಿ.

ಅಂಟಿಸಿದ ತಂತಿಯ ಆರೈಕೆ

ಕೆಳಗಿನ ಮುಂಭಾಗದ ಹಲ್ಲುಗಳ ಹಿಂದೆಯೇ ಜೊಲ್ಲು ಗ್ರಂಥಿಗಳ ಬಾಯಿಗಳಿವೆ. ಜೊಲ್ಲಿನಲ್ಲಿರುವ ಖನಿಜಾಂಶದಿಂದ ಅಲ್ಲಿ ಗಾರೆ ಬೇಗ ಕಟ್ಟುತ್ತದೆ. ಅದೇ ಜಾಗದಲ್ಲಿ ತಂತಿಯೂ ಇದ್ದರೆ ಬ್ರಷ್ ಮುಟ್ಟದ ಮೂಲೆಗಳು ಹೆಚ್ಚುತ್ತವೆ, ವಸಡು ಊದಿ ರಕ್ತ ಬರತೊಡಗುತ್ತದೆ. ಆದ್ದರಿಂದ:

1. ಬ್ರಷ್ಷನ್ನು ಲಂಬವಾಗಿ ಹಿಡಿದು, ಅದರ ತುದಿಯಿಂದ ತಂತಿಯ ಮೇಲೂ ಕೆಳಗೂ ಒಂದೊಂದೇ ಹಲ್ಲನ್ನು ಉಜ್ಜಿ.

2. ದಿನಕ್ಕೊಮ್ಮೆ, ರಾತ್ರಿ, ತಂತಿಯ ಕೆಳಗಿನಿಂದ ಫ್ಲಾಸ್ ದಾರ ಹಾಯಿಸಿ. ಮೇಲಿನಿಂದ ದಾರ ಇಳಿಯದಂತೆ ತಂತಿ ತಡೆಯುತ್ತದೆ. ದಾರವನ್ನು ಸೂಜಿಯಂತೆ ಒಳಗೆ ತೂರಿಸಲು ಫ್ಲಾಸ್ ಥ್ರೆಡರ್ ಎಂಬ ಪ್ಲಾಸ್ಟಿಕ್ ಕುಣಿಕೆ ಸಿಗುತ್ತದೆ. ತುದಿ ಗಟ್ಟಿಯಿರುವ ಸೂಪರ್‌ಫ್ಲಾಸ್ ಆದರೆ ಕುಣಿಕೆಯೂ ಬೇಡ. ಹಲ್ಲುಸಂದಿಗೆಂದೇ ಇರುವ ಪುಟ್ಟ ಬ್ರಷ್ ಬಳಸಿದರೂ ಸರಿ.

3. ಆರು ತಿಂಗಳಿಗೊಮ್ಮೆ ದಂತವೈದ್ಯರಲ್ಲಿ ಸ್ಕೇಲಿಂಗ್ ಮಾಡಿಸಿ ಗಾರೆ ತೆಗೆಸಿ. ತಂತಿ ಇದೆಯೆಂದು ಮೊದಲೇ ಹೇಳಿ.

4. ವಾರಕ್ಕೊಮ್ಮೆ ಬೆರಳ ತುದಿಯಿಂದ ತಂತಿಯನ್ನು ಸವರಿ ನೋಡಿ. ಒಂದು ಹಲ್ಲಿನಿಂದ ಅಂಟು ಬಿಟ್ಟಿದ್ದರೂ ಉಳಿದ ಕಡೆ ತಂತಿ ಗಟ್ಟಿಯಾಗಿಯೇ ನಿಂತಿರುತ್ತದೆ. ನೋವೂ ಇರುವುದಿಲ್ಲ. ಆ ಒಂದು ಹಲ್ಲು ಮಾತ್ರ ಸದ್ದಿಲ್ಲದೆ ಸರಿಯುತ್ತಿರುತ್ತದೆ.

5. ಮುಂದಿನ ಹಲ್ಲುಗಳಿಂದ ಗಟ್ಟಿ ಪದಾರ್ಥ ಕಚ್ಚಬೇಡಿ. ಸಂಕ್ರಾಂತಿಯ ಕಬ್ಬನ್ನು ಹಲ್ಲಿನಿಂದ ಸಿಗಿಯುವುದು, ಜೋಳದ ತೆನೆಯನ್ನು ಕಚ್ಚಿ ತಿನ್ನುವುದು, ಗಟ್ಟಿ ಸೀಬೆಕಾಯಿ, ಕೋಡುಬಳೆ, ಕಡಲೆಮಿಠಾಯಿ ಎಲ್ಲವೂ ಅಂಟನ್ನು ಕೀಳುತ್ತವೆ. ಇವನ್ನು ಬಿಡಬೇಕಿಲ್ಲ: ಕತ್ತರಿಸಿ ಅಥವಾ ಮುರಿದು ಹಿಂದಿನ ಹಲ್ಲುಗಳಿಂದ ಅಗಿಯಿರಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಕಾಗದದಲ್ಲಿ ಸುತ್ತಿಡುವುದು: ಹೋಟೆಲಿನಲ್ಲಿ ಟಿಶ್ಯೂ ಕಾಗದದಲ್ಲಿ ಸುತ್ತಿಟ್ಟ ರಿಟೇನರ್ ಕಸದ ಬುಟ್ಟಿ ಸೇರುತ್ತದೆ. ಮದುವೆ ಮನೆಯಲ್ಲಿ ಬಾಳೆಎಲೆಯ ಪಕ್ಕದಲ್ಲಿಟ್ಟದ್ದು ಎಲೆಯ ಜೊತೆಗೇ ಹೋಗುತ್ತದೆ. ರಿಟೇನರ್ ಕಳೆದುಹೋಗುವುದು ಹೆಚ್ಚಾಗಿ ಊಟದ ಜಾಗದಲ್ಲೇ. ಕಣ್ಣಿಗೆ ಹೊಡೆಯುವ ಬಣ್ಣದ ಡಬ್ಬಿ ಸದಾ ಬ್ಯಾಗಿನಲ್ಲಿರಲಿ, ಡಬ್ಬಿಯ ಮೇಲೆ ಫೋನ್ ನಂಬರ್ ಬರೆದಿರಲಿ.

ಬಿಸಿನೀರಿನಲ್ಲಿ ತೊಳೆಯುವುದು: ಕುದಿಸಿದರೆ ಶುಚಿಯಾಗುತ್ತದೆ ಎಂಬ ನಂಬಿಕೆ ಪಾತ್ರೆಗೆ ಸರಿ, ರಿಟೇನರ್‌ಗೆ ಸಲ್ಲದು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ, ಒಲೆಯ ಪಕ್ಕದಲ್ಲಿ ಇಟ್ಟರೂ ಅದೇ ಗತಿ. ಆಕಾರ ಕೆಟ್ಟದ್ದು ಕಣ್ಣಿಗೆ ತಿಳಿಯದಿರಬಹುದು, ಹಲ್ಲಿಗೆ ಮಾತ್ರ ಹೊಂದುವುದಿಲ್ಲ.

ಹಾಕಿಕೊಂಡೇ ಕಾಫಿ ಕುಡಿಯುವುದು: ಬಿಸಿಗೆ ಪ್ಲಾಸ್ಟಿಕ್ ಬಾಗುತ್ತದೆ, ಕಲೆ ಹಿಡಿಯುತ್ತದೆ. ಇನ್ನೂ ದೊಡ್ಡ ತೊಂದರೆ ಸಕ್ಕರೆಯದು. ರಿಟೇನರ್ ಒಳಗೆ ಸೇರಿದ ಸಿಹಿ ಹಲ್ಲಿಗೆ ಅಂಟಿಕೊಂಡೇ ಉಳಿಯುತ್ತದೆ, ಜೊಲ್ಲು ಅದನ್ನು ತೊಳೆಯಲಾರದು, ಹುಳುಕು ಶುರುವಾಗುತ್ತದೆ. ರಿಟೇನರ್ ಬಾಯಲ್ಲಿರುವಾಗ ಬರೀ ನೀರು ಮಾತ್ರ ಕುಡಿಯಿರಿ.

ತಂತಿಯನ್ನು ತಾವೇ ಬಗ್ಗಿಸುವುದು: ಸಡಿಲವಾಯಿತೆಂದು ಇಕ್ಕಳ ಹಿಡಿಯಬೇಡಿ. ತಪ್ಪಾಗಿ ಬಾಗಿದ ತಂತಿ ಹಲ್ಲನ್ನು ಬೇಡದ ಕಡೆಗೆ ತಳ್ಳುತ್ತದೆ. ಮುರಿದ ಪ್ಲೇಟನ್ನು ಫೆವಿಕ್ವಿಕ್‌ನಂಥ ಅಂಟಿನಿಂದ ಕೂಡಿಸಿ ಬಾಯಿಗೆ ಹಾಕಿಕೊಳ್ಳುವುದೂ ಬೇಡ.

ನಾಯಿಗೆ ಎಟುಕುವಂತೆ ಬಿಡುವುದು: ಸಾಕುನಾಯಿಗೆ ಜೊಲ್ಲಿನ ವಾಸನೆ ಇಷ್ಟ. ಮಂಚದ ಪಕ್ಕ ಬಿಟ್ಟ ರಿಟೇನರ್ ಬೆಳಗಾಗುವುದರೊಳಗೆ ಚೂರಾಗಿರುತ್ತದೆ.

ಬುದ್ಧಿಹಲ್ಲನ್ನು ದೂರುವುದು: ಬುದ್ಧಿಹಲ್ಲು ಬಂದು ತಳ್ಳಿದ್ದರಿಂದಲೇ ಮುಂದಿನ ಹಲ್ಲು ಸೊಟ್ಟಗಾಯಿತು ಎಂದು ಬಹಳ ಜನ ನಂಬುತ್ತಾರೆ. ಅಧ್ಯಯನಗಳಲ್ಲಿ ಇದಕ್ಕೆ ಬಲವಾದ ಆಧಾರ ಸಿಕ್ಕಿಲ್ಲ. ನೋವು, ಕೀವು, ಹುಳುಕು ಇದ್ದರೆ ಬುದ್ಧಿಹಲ್ಲು ಕೀಳಿಸುವುದು ಸರಿ. ಮುಂದಿನ ಹಲ್ಲು ನೇರವಾಗಿರಲಿ ಎಂಬ ಒಂದೇ ಕಾರಣಕ್ಕೆ ಕೀಳಿಸಿ, ರಿಟೇನರ್ ಬಿಟ್ಟರೆ ಪ್ರಯೋಜನವಿಲ್ಲ.

ಚಟಗಳನ್ನು ಕಡೆಗಣಿಸುವುದು: ಉಗುರು ಕಚ್ಚುವುದು, ಪೆನ್ನು ಕಚ್ಚುವುದು, ನುಂಗುವಾಗ ನಾಲಗೆಯನ್ನು ಹಲ್ಲಿಗೆ ಒತ್ತುವುದು, ಬಾಯಲ್ಲಿ ಉಸಿರಾಡುವುದು ಇವೆಲ್ಲ ಹಲ್ಲನ್ನು ಮತ್ತೆ ಸರಿಸಬಲ್ಲವು. ಮಗು ರಾತ್ರಿ ಬಾಯಿ ತೆರೆದೇ ಮಲಗುತ್ತಿದ್ದರೆ ಕಿವಿ ಮೂಗು ಗಂಟಲು ವೈದ್ಯರಿಗೂ ತೋರಿಸಿ.

ಏನಾದರೂ ಎಡವಟ್ಟಾದರೆ

1. ಕೆಲವು ದಿನ ಬಿಟ್ಟು ಹಾಕಿಕೊಂಡಾಗ ಬಿಗಿಯಾಗಿ, ಆದರೆ ಪೂರ್ತಿ ಕೂರುತ್ತಿದೆ: ಕೆಲವು ದಿನ ಹಗಲೂ ರಾತ್ರಿಯೂ ಹಾಕಿಕೊಳ್ಳಿ. ಬಿಗಿ ಕಡಿಮೆಯಾಗುತ್ತಾ ಬಂದರೆ ರಾತ್ರಿಯ ಕ್ರಮಕ್ಕೆ ಮರಳಿ.

2. ಒತ್ತಿದರೂ ಪೂರ್ತಿ ಕೂರುತ್ತಿಲ್ಲ, ಎಲ್ಲೋ ಎದ್ದು ನಿಲ್ಲುತ್ತಿದೆ: ಬಲವಂತ ಮಾಡಬೇಡಿ. ರಿಟೇನರ್ ಮುರಿಯಬಹುದು, ಹಲ್ಲಿಗೂ ವಸಡಿಗೂ ಪೆಟ್ಟಾಗಬಹುದು. ವೈದ್ಯರನ್ನು ಕಾಣಿ.

3. ಕಳೆದುಹೋಗಿದೆ ಅಥವಾ ಮುರಿದಿದೆ: ಅಂದೇ ಕ್ಲಿನಿಕ್ಕಿಗೆ ಫೋನ್ ಮಾಡಿ. ಮುಂದಿನ ತಿಂಗಳು ನೋಡೋಣ ಎನ್ನಬೇಡಿ. ಮೊದಲ ವರ್ಷದಲ್ಲಂತೂ ಕೆಲವೇ ದಿನಗಳಲ್ಲಿ ಹಲ್ಲು ಸರಿಯಬಹುದು. ಮಗು ಕಳೆದುಕೊಂಡು ಬಂದರೆ ಗದರಬೇಡಿ. ಬೈಗುಳಕ್ಕೆ ಹೆದರಿದ ಮಗು ವಾರಗಟ್ಟಲೆ ಹೇಳದೆ ಉಳಿಯುತ್ತದೆ, ಅಷ್ಟರಲ್ಲಿ ಹಲ್ಲು ಸರಿದಿರುತ್ತದೆ.

4. ಅಂಟಿಸಿದ ತಂತಿ ಬಿಟ್ಟಿದೆ: ಚುಚ್ಚುತ್ತಿದ್ದರೆ ಕ್ಲಿಪ್ ಕಾಲದಲ್ಲಿ ಬಳಸುತ್ತಿದ್ದ ಮೇಣ ಮೆತ್ತಿ, ಬೇಗ ವೈದ್ಯರ ಬಳಿ ಹೋಗಿ. ತುಂಡು ಕೈಗೆ ಬಂದರೆ ಜೊತೆಗೆ ಒಯ್ಯಿರಿ. ಹಳೆಯ ತೆಗೆದು ಹಾಕುವ ರಿಟೇನರ್ ಇದ್ದು ಸರಿಯಾಗಿ ಕೂತರೆ ಅಲ್ಲಿಯವರೆಗೆ ಅದನ್ನು ಹಾಕಿಕೊಳ್ಳಿ.

5. ತಂತಿ ಗಟ್ಟಿಯಾಗಿಯೇ ಇದೆ, ಆದರೂ ಒಂದು ಹಲ್ಲು ಮಾತ್ರ ಮುಂದಕ್ಕೋ ಹಿಂದಕ್ಕೋ ವಾಲುತ್ತಿದೆ: ತಂತಿಯೇ ಹಲ್ಲನ್ನು ತಿರುಚುತ್ತಿರಬಹುದು. ಇದು ಅಪರೂಪ, ಆದರೆ ತಡಮಾಡಿದರೆ ಬೇರು ಮೂಳೆಯಿಂದ ಹೊರಬರುವಷ್ಟು ಕೆಡಬಹುದು. ಕೂಡಲೇ ತೋರಿಸಿ.

ಎಡವಟ್ಟಾಗದಿರಲು, ಕಬಡ್ಡಿ, ಬಾಕ್ಸಿಂಗ್‌ನಂಥ ಮೈ ತಾಗುವ ಆಟ ಆಡುವಾಗ ಮತ್ತು ಈಜುವಾಗ ತೆಗೆದು ಹಾಕುವ ರಿಟೇನರ್ ಡಬ್ಬಿಯಲ್ಲಿರಲಿ.

ಊರು ಬಿಡುವವರಿಗೆ

ದಾವಣಗೆರೆಯಲ್ಲೋ ಧಾರವಾಡದಲ್ಲೋ ಕ್ಲಿಪ್ ಹಾಕಿಸಿಕೊಂಡು, ಓದಿಗಾಗಿ ಬೆಂಗಳೂರಿಗೆ, ಕೆಲಸಕ್ಕಾಗಿ ಹೊರದೇಶಕ್ಕೆ ಹೋಗುವವರು ಅನೇಕರು. ರಿಟೇನರ್ ಕೈಬಿಡುವುದೂ ಹೆಚ್ಚಾಗಿ ಆ ಹೊತ್ತಿನಲ್ಲೇ. ಹೊಸ ಹಾಸ್ಟೆಲ್, ಹೊಸ ದಿನಚರಿ, ನೆನಪಿಸುವ ಅಮ್ಮ ಹತ್ತಿರವಿಲ್ಲ. ಹೊರಡುವ ಮೊದಲು ಮೂರು ಕೆಲಸ ಮಾಡಿ. ಒಂದು, ವೈದ್ಯರಿಗೊಮ್ಮೆ ತೋರಿಸಿ, ಸಾಧ್ಯವಾದರೆ ಇನ್ನೊಂದು ಜೊತೆ ರಿಟೇನರ್ ಮಾಡಿಸಿಕೊಳ್ಳಿ. ಎರಡು, ಹಲ್ಲಿನ ಅಚ್ಚನ್ನೋ ಡಿಜಿಟಲ್ ಸ್ಕ್ಯಾನ್ ಫೈಲನ್ನೋ, ಎಕ್ಸ್‌ರೇ ಮತ್ತು ಚಿಕಿತ್ಸೆಯ ವಿವರವನ್ನೂ ಕೇಳಿ ಪಡೆಯಿರಿ. ರಿಟೇನರ್ ಕಳೆದರೆ, ಹಲ್ಲು ಸರಿಯುವ ಮೊದಲೇ ಹೊಸ ಊರಿನ ವೈದ್ಯರು ಅದೇ ಅಳತೆಯ ರಿಟೇನರ್ ಮಾಡಿಕೊಡಬಹುದು. ಮೂರು, ಹೊಸ ಊರಿನಲ್ಲಿ ಹಲ್ಲು ನೇರ ಮಾಡುವ ಶಾಖೆಯಾದ ಆರ್ಥೊಡಾಂಟಿಕ್ಸ್‌ನಲ್ಲಿ ಎಂಡಿಎಸ್ ಮಾಡಿದ ವೈದ್ಯರು ಯಾರೆಂದು ಗುರುತು ಮಾಡಿಕೊಳ್ಳಿ. ಖರ್ಚಿನ ಚಿಂತೆಯಿದ್ದರೆ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಂಥ ಬೋಧನಾ ಆಸ್ಪತ್ರೆಗಳಲ್ಲಿ ವಿಚಾರಿಸಿ.

ಬಿಟ್ಟು ವರ್ಷಗಳಾಗಿದ್ದರೆ

ಹಳೆಯ ರಿಟೇನರ್ ಬೀರುವಿನಲ್ಲಿ ಸಿಕ್ಕಿತೆಂದು ಒತ್ತಿ ತುರುಕಬೇಡಿ. ವೈದ್ಯರಿಗೆ ತೋರಿಸಿ. ಹಲ್ಲು ತುಸುವೇ ಸರಿದಿದ್ದರೆ ಹಲ್ಲು ಸರಿಸುವ ಪಾರದರ್ಶಕ ಅಲೈನರ್ ಅನ್ನು ಕೆಲವೇ ತಿಂಗಳು ಹಾಕಿಕೊಳ್ಳುವುದರಿಂದಲೋ ಚಿಕ್ಕ ಮಟ್ಟದ ಕ್ಲಿಪ್‌ನಿಂದಲೋ ಸರಿಹೋಗಬಹುದು. ಸರಿ ಮಾಡಿಸುವ ಇಷ್ಟವಿಲ್ಲದಿದ್ದರೂ ಈಗ ಇರುವ ಸ್ಥಿತಿಗೇ ಹೊಸ ರಿಟೇನರ್ ಮಾಡಿಸಿಕೊಂಡರೆ ಇನ್ನಷ್ಟು ಕೆಡುವುದಾದರೂ ನಿಲ್ಲುತ್ತದೆ. ವಸಡಿನಲ್ಲಿ ರಕ್ತ ಬರುತ್ತಿದ್ದರೆ, ಹಲ್ಲು ಅಲ್ಲಾಡುತ್ತಿದ್ದರೆ ಮೊದಲು ವಸಡಿನ ಚಿಕಿತ್ಸೆಯಾಗಲಿ. ಮೂಳೆ ಕರಗಿ ಹಲ್ಲು ಸರಿಯುತ್ತಿದ್ದರೆ ರಿಟೇನರ್ ಒಂದೇ ಅದನ್ನು ತಡೆಯಲಾರದು.

ಕ್ಲಿಪ್ ಬಿಚ್ಚುವ ದಿನ ಹತ್ತಿರವಿದ್ದರೆ ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ: ನನಗೆ ಯಾವ ರಿಟೇನರ್, ಏಕೆ? ಹಗಲೂ ಹಾಕಿಕೊಳ್ಳುವುದು ಎಷ್ಟು ತಿಂಗಳು, ರಾತ್ರಿ ಮಾತ್ರ ಯಾವಾಗಿನಿಂದ? ಮತ್ತೆ ಯಾವಾಗ ಬರಬೇಕು? ಕಳೆದರೆ ಹೊಸದಕ್ಕೆ ಎಷ್ಟು ಖರ್ಚು, ಎಷ್ಟು ದಿನ? ನನ್ನ ಅಚ್ಚನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ? ಐದಕ್ಕೂ ಉತ್ತರ ಪಡೆದೇ ಕುರ್ಚಿಯಿಂದ ಏಳಿ. ಎರಡು ವರ್ಷದ ಶ್ರಮ ಮತ್ತು ಮನೆಯವರು ಕೂಡಿಟ್ಟು ಕೊಟ್ಟ ಹಣ ಉಳಿಯಲು ಬೇಕಿರುವುದು ಮಲಗುವ ಮುಂಚಿನ ಕೆಲವೇ ನಿಮಿಷಗಳ ಶಿಸ್ತು.